ಸುಳ್ಳು ಹೇಳೋಕೆ ಬಾಯಿ ಬಾರದವರು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿದ್ದು ಶಿರಸಿ ಹತ್ತಿರದ ಅಡಿಕೆ ತೋಟದ ಮನೆಯಲ್ಲಿ. ಈಗ ಇರುವುದು ಕಾರವಾರದಲ್ಲಿ. ಘಟ್ಟದ ಮೇಲಿನ ಊಟ ಬೇರೆ, ಕೆಳಗಿನ ಊಟ ಬೇರೆ. ಮಾತಿನ ಧಾಟಿಯೂ ಬೇರೆ. ಆದರೆ ಎರಡೂ ಕಡೆಯವರು ನನ್ನನ್ನು ಕೇಳುವ ಪ್ರಶ್ನೆಗಳು ಮಾತ್ರ ಒಂದೇ. ಯಾಕೆಂದರೆ ನನಗೆ ಸುಳ್ಳು ಹೇಳುವಾಗ ಒಂಥರಾ ಆಗುತ್ತದೆ, ಅದು ಮುಖದಲ್ಲಿ ಕಾಣುತ್ತದೆ, ಮನೆಯವರಿಗೆ ಮುಜುಗರ ಆಗುತ್ತದೆ. ಪ್ರತಿ ಮದುವೆಮನೆಯಲ್ಲೂ ಅದೇ ಉತ್ತರ ಕೊಟ್ಟು ಸಾಕಾಗಿದೆ. ಅದಕ್ಕೇ ಒಮ್ಮೆ ಬರೆದಿಡುತ್ತಿದ್ದೇನೆ.

ಸುಮ್ನೆ "ಚೆನ್ನಾಗಿದೆ" ಅಂದುಬಿಟ್ಟರೆ ನಿನ್ನ ಗಂಟೇನು ಹೋಗುತ್ತದೆ?

ಗಂಟೇನೂ ಹೋಗುವುದಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಗುತ್ತದೆ, ಅಷ್ಟೇ.

ಕುಮಟಾದಲ್ಲಿ ನೆಂಟರೊಬ್ಬರು ಹೊಸ ಮನೆ ಕಟ್ಟಿಸಿದರು. ಜಗಲಿಗೆ ಕಡುನೇರಳೆ ಬಣ್ಣ. "ಹೇಗಿದೆ?" ಎಂದರು. ನಾನು ಗೋಡೆ ನೋಡಿದೆ, ಅವರ ಮುಖ ನೋಡಿದೆ, "ಗಾಳಿ ಚೆನ್ನಾಗಿ ಬರ್ತದೆ" ಎಂದೆ. ಅದು ನಿಜವೇ. ಆದರೆ ಕೇಳಿದ್ದು ಗಾಳಿಯ ವಿಷಯ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಇದು ದೊಡ್ಡ ಗುಣ ಎಂದು ಹೇಳಿಕೊಳ್ಳುತ್ತಿಲ್ಲ. ಕೆಲವರಿಗೆ ಬದನೆಕಾಯಿ ತಿಂದರೆ ನಾಲಗೆ ತುರಿಸುತ್ತದೆ. ಅವರು ಬದನೆಕಾಯಿ ಬಿಟ್ಟಿದ್ದಾರೆ ಎಂದು ಯಾರೂ ಹಾರ ಹಾಕುವುದಿಲ್ಲ. ನನ್ನದೂ ಹಾಗೇ. ಹಾಗಂತ ನಾನು ಸುಳ್ಳು ಹೇಳಿಯೇ ಇಲ್ಲ ಅಂದುಕೊಳ್ಳಬೇಡಿ. ಹೇಳಿದ್ದೇನೆ. ಒಂದಷ್ಟು ಕಾಲ ಸಂಬಳ ತೆಗೆದುಕೊಂಡು ಹೇಳಿದ್ದೇನೆ. ಆ ಕಥೆ ಮುಂದೆ ಬರುತ್ತದೆ.

ಹಾಗಾದ್ರೆ "ಏನೂ ಬೇಡ, ಈಗಷ್ಟೇ ಕುಡಿದು ಬಂದೆ" ಅನ್ನುವುದೂ ಸುಳ್ಳಲ್ವಾ?

ನಮ್ಮ ಶಿರಸಿ ಕಡೆ ಮನೆಗೆ ಯಾರೇ ಬಂದರೂ ಮೊದಲು "ಆಸರಿಗೆ ಏನು ಬೇಕು?" ಎಂದು ಕೇಳುತ್ತಾರೆ. ಬಂದವರು "ಏನೂ ಬೇಡ" ಎನ್ನುತ್ತಾರೆ. ಕೇಳಿದವರು ಅದನ್ನು ಕಿವಿಗೇ ಹಾಕಿಕೊಳ್ಳದೆ ಒಳಗೆ ಹೋಗಿ ಕಷಾಯಕ್ಕೆ ನೀರು ಇಡುತ್ತಾರೆ. ಈ "ಬೇಡ" ಎನ್ನುವುದು ಸುಳ್ಳಲ್ಲ. ಅದರಿಂದ ಯಾರೂ ಮೋಸ ಹೋಗಿಲ್ಲ. "ಬೇಡ" ಎಂದರೆ "ನಿಮಗೆ ತೊಂದರೆ ಕೊಡಲು ಬಂದಿಲ್ಲ" ಎಂದು ಅರ್ಥ. ನೀರು ಇಟ್ಟವರಿಗೂ ಅದೇ ಅರ್ಥವಾಗಿದೆ.

ಹೊರಡುವಾಗ "ಹೋಗ್ತೇನೆ" ಅನ್ನುವುದಿಲ್ಲ, "ಬರ್ತೇನೆ" ಅನ್ನುತ್ತೇವೆ. ಮತ್ತೆ ಆ ಮನೆಗೆ ಕಾಲಿಡುವುದೇ ಇಲ್ಲ ಎಂದು ಶಪಥ ಮಾಡಿದವರೂ ಚಪ್ಪಲಿ ಮೆಟ್ಟುತ್ತಾ "ಬರ್ತೇನೆ" ಎಂದೇ ಹೇಳುತ್ತಾರೆ. ಅದನ್ನು ಸುಳ್ಳಿನ ಲೆಕ್ಕಕ್ಕೆ ಹಾಕಿದರೆ ಕನ್ನಡದಲ್ಲಿ ಎದ್ದು ಹೊರಡುವುದೇ ಕಷ್ಟ.

ನಾನು ನೋಡುವುದು ಒಂದೇ. ನನ್ನ ಮಾತು ನಂಬಿ ಎದುರಿನವರು ಏನಾದರೂ ಮಾಡುತ್ತಾರಾ? ದುಡ್ಡು ಕೊಡುತ್ತಾರಾ, ಮಗಳನ್ನು ಕೊಡುತ್ತಾರಾ, ಔಷಧ ಬಿಡುತ್ತಾರಾ? ಹಾಗಿದ್ದರೆ ಅದು ಉಪಚಾರದ ಮಾತಲ್ಲ. ಕಷಾಯಕ್ಕೆ ಈ ಕಟ್ಟಳೆ ಬೇಕಾಗಿಲ್ಲ.

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು" ಅಂತ ಹಿರಿಯರೇ ಹೇಳಿದ್ದಾರಲ್ಲ?

ಹೇಳಿದ್ದಾರೆ. ಆ ಸಾವಿರದಲ್ಲಿ ಒಂದನ್ನು ಹೇಳು ಎಂದು ನನ್ನನ್ನೂ ಕೇಳಿದ್ದಾರೆ.

ಊರಲ್ಲೇ ಇದ್ದು ತೋಟ ನೋಡಿಕೊಳ್ಳುವ ಹುಡುಗರಿಗೆ ನಮ್ಮ ಕಡೆ ಹೆಣ್ಣು ಸಿಗುವುದು ಕಷ್ಟ. ಇದು ಗುಟ್ಟೇನಲ್ಲ. ಹಾಗಾಗಿ ಒಂದು ಸಂಬಂಧ ಬಂತೆಂದರೆ ಊರೆಲ್ಲ ಸೇರಿ ಕಾಪಾಡಿಕೊಳ್ಳುತ್ತದೆ. ಒಮ್ಮೆ ಹೆಣ್ಣಿನ ಕಡೆಯವರು ನನಗೆ ಫೋನ್ ಮಾಡಿದರು. "ನಿಮ್ಮ ಊರಿನವನಂತೆ. ಹುಡುಗ ಹೇಗೆ? ಕುಡಿತ ಗಿಡಿತ ಏನಾದ್ರೂ?" ಇತ್ತು. ಜಾಸ್ತಿಯೇ ಇತ್ತು. ಹುಡುಗನ ತಾಯಿ ನನ್ನನ್ನು ಎತ್ತಿ ಆಡಿಸಿದವರು.

"ಅದನ್ನು ಹುಡುಗನನ್ನೇ ಕೇಳಿ, ನನ್ನನ್ನು ಕೇಳಬೇಡಿ" ಎಂದೆ. ಅತ್ತ ಕಡೆ ಒಂದು ಗಳಿಗೆ ಮಾತಿಲ್ಲ. ಆಮೇಲೆ "ಆಯ್ತು, ಗೊತ್ತಾಯ್ತು" ಎಂದರು. ಸಂಬಂಧ ಮುರಿಯಿತು. ಇಂದಿಗೂ ಆ ಮನೆಯ ಸತ್ಯನಾರಾಯಣ ಪೂಜೆಗೆ ನನಗೆ ಕರೆ ಬರುವುದಿಲ್ಲ.

ಗಾದೆಯ ಬಗ್ಗೆ ಒಂದು ಮಾತು. ಅದನ್ನು ಹೇಳುವವರು ಹೆಚ್ಚಾಗಿ ಗಂಡಿನ ಕಡೆಯವರು. ಆ ಸಾವಿರ ಸುಳ್ಳುಗಳ ಜೊತೆ ಸಂಸಾರ ಮಾಡಿದ ಹೆಂಗಸಿನ ಬಾಯಲ್ಲಿ ಅದನ್ನು ನಾನು ಕೇಳಿಲ್ಲ.

ಸುಳ್ಳು ಹೇಳುವಾಗ ಮೈಯಲ್ಲಿ ನಿಜವಾಗಿಯೂ ಏನಾದರೂ ಆಗುತ್ತದಾ, ಅಥವಾ ಎಲ್ಲ ಮನಸ್ಸಿನ ಆಟವಾ?

ಕೆಲವರಿಗೆ ಆಗುತ್ತದೆ. ಎದೆಬಡಿತ ಜೋರಾಗುತ್ತದೆ, ಅಂಗೈ ಬೆವರುತ್ತದೆ, ಉಸಿರಿನ ಲಯ ತಪ್ಪುತ್ತದೆ. ಪಾಲಿಗ್ರಾಫ್ ಯಂತ್ರ ಅಳೆಯುವುದು ಇವನ್ನೇ. ಅಮೆರಿಕದ ಜಾನ್ ಲಾರ್ಸನ್ 1921ರಲ್ಲಿ ಅದನ್ನು ಕಟ್ಟಿದಾಗಿನಿಂದ ಜನ ಅದಕ್ಕೆ "ಸುಳ್ಳು ಹಿಡಿಯುವ ಯಂತ್ರ" ಎನ್ನುತ್ತಾರೆ. ಆದರೆ ಅದು ಹಿಡಿಯುವುದು ಸುಳ್ಳನ್ನಲ್ಲ, ಗಾಬರಿಯನ್ನು. ನಿಜ ಹೇಳುವಾಗಲೂ ಗಾಬರಿಯಾಗುವವರು ಇದ್ದಾರೆ. ಪೊಲೀಸ್ ಠಾಣೆಯ ಬಾಗಿಲು ಕಂಡರೇ ನನ್ನ ಎದೆ ಹೊಡೆದುಕೊಳ್ಳುತ್ತದೆ. ತಣ್ಣಗೆ ಸುಳ್ಳು ಹೇಳುವವರೂ ಇದ್ದಾರೆ.

ಈ ವಿಷಯದಲ್ಲಿ ಇಡೀ ದೇಶಕ್ಕೆ ದಾರಿ ತೋರಿಸಿದ ತೀರ್ಪಿನಲ್ಲಿ ನಮ್ಮ ರಾಜ್ಯದ ಹೆಸರಿದೆ. ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪು ಕೊಟ್ಟಿತು. ಒಬ್ಬರ ಒಪ್ಪಿಗೆ ಇಲ್ಲದೆ ಅವರ ಮೇಲೆ ಪಾಲಿಗ್ರಾಫ್, ಮಂಪರು ಪರೀಕ್ಷೆ, ಮಿದುಳಿನ ಮ್ಯಾಪಿಂಗ್ ಪರೀಕ್ಷೆ ಮಾಡುವಂತಿಲ್ಲ ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಒತ್ತಾಯಿಸಬಾರದು ಎಂಬ ಸಂವಿಧಾನದ 20(3)ನೇ ವಿಧಿಯೇ ಇದಕ್ಕೆ ಮುಖ್ಯ ಆಧಾರ. ನನಗೆ ಇದರಲ್ಲಿ ಇಷ್ಟವಾಗುವುದು ಇದು. ಸುಳ್ಳು ಹೇಳದಿರುವುದು ಒಂದು, ಬಾಯಿ ಮುಚ್ಚಿಕೊಂಡಿರುವ ಹಕ್ಕು ಇನ್ನೊಂದು. ಎರಡೂ ಒಟ್ಟಿಗೆ ಇರಬಹುದು.

ಮುಖ ನೋಡಿದರೆ ಸುಳ್ಳು ಗೊತ್ತಾಗುತ್ತದೆ ಅಲ್ವಾ?

ನನ್ನದು ಗೊತ್ತಾಗುತ್ತದೆ. ಬೇರೆಯವರದ್ದನ್ನು ಹೇಳುವುದು ಕಷ್ಟ. 2006ರಲ್ಲಿ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ನಿಜ ಯಾವುದು, ಸುಳ್ಳು ಯಾವುದು ಎಂದು ಊಹಿಸಿದವರು 24,000ಕ್ಕೂ ಜಾಸ್ತಿ ಜನ. ಸರಿಯಾದದ್ದು ನೂರಕ್ಕೆ ಸುಮಾರು 54. ನಾಣ್ಯ ಚಿಮ್ಮಿಸಿದರೂ 50 ಸಿಗುತ್ತದೆ.

ಕಾರವಾರದ ಮೀನು ಪೇಟೆಯಲ್ಲಿ ನಾನು ಕಲಿತದ್ದೂ ಇದನ್ನೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗಲೂ ಪೇಟೆಯಲ್ಲಿ ಬಂಗಡೆ ಇರುತ್ತದೆ, "ಇವತ್ತಿನದೇ" ಎಂಬ ಮಾತೂ ಇರುತ್ತದೆ. ಹೇಳುವವರ ಮುಖ ನೋಡಿ ಏನೂ ಪ್ರಯೋಜನವಿಲ್ಲ. ಮೀನಿನ ಕಿವಿರು ಎತ್ತಿ ನೋಡಿ, ಕೆಂಪಗಿದೆಯಾ? ಬೆರಳಿನಿಂದ ಒತ್ತಿ ನೋಡಿ, ಗುಳಿ ಹಾಗೇ ಉಳಿಯುತ್ತದಾ? ಮೀನಿಗೆ ಸುಳ್ಳು ಹೇಳೋಕೆ ಬರುವುದಿಲ್ಲ.

ಹೇಳ್ತಾ ಹೇಳ್ತಾ ಅಭ್ಯಾಸ ಆಗುತ್ತದಂತೆ. ನೀನೂ ಸ್ವಲ್ಪ ರೂಢಿ ಮಾಡಿಕೊಳ್ಳಬಹುದಲ್ಲ?

ಮಾಡಿಕೊಂಡಿದ್ದೆ. ಅದೇ ಮೊದಲು ಹೇಳಿದ ಸಂಬಳದ ಕಥೆ.

ಓದು ಮುಗಿದ ಮೇಲೆ ಒಂದು ಅಡಿಕೆ ವ್ಯಾಪಾರದ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಯಾವುದು, ಎಲ್ಲಿ ಎಂದು ಬರೆಯುವುದಿಲ್ಲ. ರೈತರು ಚಾಲಿ ಅಡಿಕೆ, ಅಂದರೆ ಬಿಸಿಲಲ್ಲಿ ಒಣಗಿಸಿ ಸುಲಿದ ಅಡಿಕೆಯ ಚೀಲ ತರುತ್ತಿದ್ದರು. ತೂಗಿದ ಮೇಲೆ ಗೋಣಿಯ ತೂಕ ಕಳೆಯುವುದು ಸರಿ. ಅಲ್ಲಿ ಅದರ ಮೇಲೆ ಇನ್ನೊಂದು ಕಿಲೋ ಹೋಗುತ್ತಿತ್ತು, "ಕಸ, ಹಸಿ" ಎಂಬ ಹೆಸರಲ್ಲಿ. ಕಸ ಇರಲಿ ಬಿಡಲಿ, ಹಸಿ ಇರಲಿ ಬಿಡಲಿ. ಯಾರಾದರೂ ಕೇಳಿದರೆ ನಾನು ಹೇಳಬೇಕಾದ ಮಾತು ಒಂದೇ: "ಎಲ್ಲ ಕಡೆನೂ ಹೀಗೇ."

ಎಲ್ಲ ಕಡೆ ಹಾಗೆ ಇರಲಿಲ್ಲ. ಮೊದಲ ವಾರ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ. ಎರಡನೇ ತಿಂಗಳು ಊಟ ಸೇರಿತು. ಆರನೇ ತಿಂಗಳಿಗೆ ಬೇರೆಯದೇ ಒಂದು ಶುರುವಾಯಿತು. ಕಡಿತದ ಬಗ್ಗೆ ಕೇಳುವ ರೈತರ ಮೇಲೇ ನನಗೆ ಸಿಟ್ಟು ಬರತೊಡಗಿತು. ಇವರೇನು ಕಡಿಮೆಯಾ, ನೀರು ಚಿಮುಕಿಸಿ ತರುವುದಿಲ್ಲವಾ, ಅಡಿಯಲ್ಲಿ ಕರಿಗೋಟು ಎಂಬ ಕಳಪೆ ಅಡಿಕೆ ತುಂಬುವುದಿಲ್ಲವಾ ಎಂದು ಮನಸ್ಸಿನಲ್ಲೇ ವಾದ ಹೂಡುತ್ತಿದ್ದೆ. ಅಂದರೆ ನನಗೆ ಆ ಸುಳ್ಳು ನಿಜ ಅನ್ನಿಸತೊಡಗಿತ್ತು.

ಎಷ್ಟೋ ವರ್ಷ ಕಳೆದ ಮೇಲೆ 1959ರ ಒಂದು ಪ್ರಯೋಗದ ಬಗ್ಗೆ ಓದಿದಾಗ ಕುರ್ಚಿಯಿಂದ ಎದ್ದು ನಿಂತೆ. ಲಿಯಾನ್ ಫೆಸ್ಟಿಂಗರ್, ಜೇಮ್ಸ್ ಕಾರ್ಲ್‌ಸ್ಮಿತ್ ಎಂಬ ಇಬ್ಬರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹುಡುಗರಿಂದ ಒಂದು ತಾಸು ಬೇಸರದ ಕೆಲಸ ಮಾಡಿಸಿದರು. ತಟ್ಟೆಗೆ ಉರುಳೆ ತುಂಬುವುದು, ಖಾಲಿ ಮಾಡುವುದು, ಹಲಗೆಯ ಮೇಲಿನ ಗೂಟಗಳನ್ನು ಒಂದೊಂದಾಗಿ ತಿರುವುವುದು. ಆಮೇಲೆ "ಹೊರಗೆ ಕಾಯುತ್ತಿರುವವರಿಗೆ ಇದು ಬಹಳ ಮಜಾ ಇದೆ ಎಂದು ಹೇಳು" ಎಂದರು. ಹಾಗೆ ಹೇಳಲು ಕೆಲವರಿಗೆ 20 ಡಾಲರ್, ಕೆಲವರಿಗೆ ಬರೀ 1 ಡಾಲರ್. ಕೊನೆಗೆ "ನಿಜ ಹೇಳಿ, ಕೆಲಸ ಹೇಗಿತ್ತು?" ಎಂದು ಕೇಳಿದರು. 20 ಡಾಲರ್ ಪಡೆದವರು ಬೇಸರ ಎಂದರು. 1 ಡಾಲರ್ ಪಡೆದವರಲ್ಲಿ ಹೆಚ್ಚಿನವರಿಗೆ ಅದು ಪರವಾಗಿಲ್ಲ ಅನ್ನಿಸಿತ್ತು!

ಯಾಕೆ? ದೊಡ್ಡ ದುಡ್ಡು ಸಿಕ್ಕವರಿಗೆ ನೆಪ ಇದೆ. "ದುಡ್ಡಿಗೆ ಹೇಳಿದೆ" ಎಂದುಕೊಂಡು ಮಲಗಬಹುದು. ಒಂದು ಡಾಲರ್‌ಗೆ ಸುಳ್ಳು ಹೇಳಿದವರಿಗೆ ಆ ನೆಪವೂ ಇಲ್ಲ. ಒಳಗಿನ ಕಸಿವಿಸಿ ಕಳೆಯಲು ಉಳಿದಿರುವ ದಾರಿ ಒಂದೇ, ಹೇಳಿದ್ದನ್ನೇ ನಂಬಿಬಿಡುವುದು. ನನ್ನ ಸಂಬಳ ಬಹಳ ಕಡಿಮೆ ಇತ್ತು.

2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಇದರ ಇನ್ನೊಂದು ಮುಖ ತೋರಿಸಿದರು. ಗಾಜಿನ ಭರಣಿಯಲ್ಲಿರುವ ಚಿಲ್ಲರೆ ಎಷ್ಟು ಎಂದು ಜೊತೆಗಾರನಿಗೆ ಹೇಳುವ ಆಟ. ಸುಳ್ಳು ಹೇಳಿದರೆ ತನಗೆ ಲಾಭ. ಆಡುತ್ತಾ ಹೋದ ಹಾಗೆ ಜನರ ಸುಳ್ಳು ದೊಡ್ಡದಾಗುತ್ತಾ ಹೋಯಿತು. ಜೊತೆಗೇ ಮಿದುಳಿನ ಅಮಿಗ್ಡಲ ಎಂಬ ಭಾಗ ಮಿಡಿಯುವುದು ಕಡಿಮೆಯಾಗುತ್ತಾ ಬಂತು. ಭಯ, ಕಸಿವಿಸಿಯಂಥ ಭಾವನೆಗಳಿಗೆ ಮಿಡಿಯುವ ಜಾಗ ಅದು. ಕತ್ತಿ ಹಿಡಿದು ಹಿಡಿದು ಅಂಗೈ ಜಡ್ಡುಗಟ್ಟುತ್ತದಲ್ಲ, ಹಾಗೆ.

ನನ್ನ ಜಡ್ಡು ಕಿತ್ತದ್ದು ಒಂದು ಸದ್ದು. ದೂರದ ಸಂಬಂಧಿಯೊಬ್ಬರು ಎರಡು ಚೀಲ ತಂದಿದ್ದರು. ನೆಲಕ್ಕೆ ಸುರಿದಾಗ ಅಡಿಕೆ ಕಟಕಟ ಎಂದಿತು. ತೋಟದ ಮನೆಯಲ್ಲಿ ಹುಟ್ಟಿದವರಿಗೆ ಆ ಸದ್ದು ಗೊತ್ತು. ಹಸಿ ಅಡಿಕೆ ಹಾಗೆ ಸದ್ದು ಮಾಡುವುದಿಲ್ಲ. ಆದರೂ ನನ್ನ ಬಾಯಿ "ಸ್ವಲ್ಪ ಹಸಿ ಇದೆ" ಎಂದಿತು. ಅವರು ಏನೂ ಹೇಳಲಿಲ್ಲ. ಒಂದು ಅಡಿಕೆ ಎತ್ತಿ, ಇನ್ನೊಂದಕ್ಕೆ ತಟ್ಟಿ, ನನ್ನ ಮುಂದೆ ಮೇಜಿನ ಮೇಲೆ ಇಟ್ಟು ಹೋದರು.

ಮರುದಿನವೇ ಕೆಲಸ ಬಿಟ್ಟೆ ಎಂದು ಬರೆದರೆ ಕಥೆ ಚೆನ್ನಾಗಿರುತ್ತಿತ್ತು. ಬಿಡಲು ಎಂಟು ತಿಂಗಳು ಬೇಕಾಯಿತು.

ಜನ ದಿನಕ್ಕೆ ಎಷ್ಟು ಸುಳ್ಳು ಹೇಳುತ್ತಾರೆ?

ಡಿಪಾಲೊ ಅವರೇ 1996ರಲ್ಲಿ ಪ್ರಕಟಿಸಿದ ಲೆಕ್ಕ ಇದೆ. 77 ಕಾಲೇಜು ವಿದ್ಯಾರ್ಥಿಗಳು ಮತ್ತು ಊರಿನ 70 ಜನರ ಕೈಗೆ ಡೈರಿ ಕೊಟ್ಟು ಒಂದು ವಾರ ಬರೆಸಿದರು. ವಿದ್ಯಾರ್ಥಿಗಳು ದಿನಕ್ಕೆ ಸುಮಾರು ಎರಡು, ಉಳಿದವರು ಸುಮಾರು ಒಂದು. ಅದೂ ತಾವೇ ಒಪ್ಪಿಕೊಂಡು ಬರೆದ ಲೆಕ್ಕ. ನನಗೆ ಹಿಡಿಸಿದ್ದು ಸಂಖ್ಯೆ ಅಲ್ಲ. ಸುಳ್ಳು ಬೆರೆತ ಮಾತುಕತೆಗಳು ತಮಗೆ ಅಷ್ಟು ಹಿತವಾಗಿರಲಿಲ್ಲ, ಅಷ್ಟು ಆಪ್ತವೂ ಅನ್ನಿಸಲಿಲ್ಲ ಎಂದು ಆ ಜನರೇ ಬರೆದಿದ್ದರು. ಅಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುವುದು ನನಗೊಬ್ಬರಿಗೇ ಅಲ್ಲ.

ಪೂರ್ತಿ ಸುಳ್ಳು ಬೇಡ. ಅರ್ಧ ನಿಜ ಹೇಳಬಹುದಲ್ಲ?

ಇದು ಬುದ್ಧಿವಂತರ ಪ್ರಶ್ನೆ. ನಮ್ಮ ಜಿಲ್ಲೆಯಲ್ಲಿ ಬುದ್ಧಿವಂತರು ಜಾಸ್ತಿ.

ಘಟ್ಟದ ರಸ್ತೆ ಬದಿಯಲ್ಲಿ "ನಮ್ಮ ತೋಟದ ಜೇನು" ಎಂಬ ಬೋರ್ಡು ಇರುತ್ತದೆ. ತೋಟದಲ್ಲಿ ಒಂದು ಜೇನುಪೆಟ್ಟಿಗೆ ಇರುವುದು ನಿಜ. ಬಾಟಲಿಗಳು ಮುನ್ನೂರು. ಬೋರ್ಡಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ! ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, ಅಂದರೆ ಆ ಹೆಸರು ಆ ಕಡೆಯ ಬೆಳೆಗೆ ಮಾತ್ರ. ಬೇರೆ ಕಡೆಯ ಅಡಿಕೆಯನ್ನು ಶಿರಸಿಯಲ್ಲಿ ಒಂದು ರಾತ್ರಿ ಇಳಿಸಿ "ಶಿರಸಿಯಿಂದ ಬಂದದ್ದು" ಎಂದರೆ ಆ ಮಾತೂ ನಿಜವೇ. ಆದರೆ ಕೊಂಡವನಿಗೆ ಸಿಕ್ಕಿದ್ದು ಶಿರಸಿ ಅಡಿಕೆಯಲ್ಲ.

ಧರ್ಮರಾಯನೂ ಇದನ್ನೇ ಮಾಡಿದ. "ಅಶ್ವತ್ಥಾಮ ಸತ್ತ" ಎಂದು ಗಟ್ಟಿಯಾಗಿ, "ಆನೆ" ಎಂದು ಮೆತ್ತಗೆ. ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಆ ಹೊತ್ತಿಗೆ ನೆಲ ಮುಟ್ಟಿತು. ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ನಮ್ಮ ತಾಳಮದ್ದಳೆಗಳಲ್ಲಿ ಈ ಒಂದು ಮಾತಿನ ಮೇಲೆ ರಾತ್ರಿ ಬೆಳಗಾಗುವವರೆಗೆ ವಾದ ಮಾಡುವ ಅರ್ಥಧಾರಿಗಳಿದ್ದಾರೆ. "ಆನೆ ಎಂದೂ ಹೇಳಿದ್ದೇನಲ್ಲ, ನನ್ನ ತಪ್ಪೇನು?" ಎಂದು ಧರ್ಮರಾಯ ಕೇಳಿದಾಗ ಸಭೆ ತಲೆದೂಗುತ್ತದೆ. ನಾನೂ ತೂಗಿದ್ದೇನೆ. ಆದರೆ ರಥ ಯಾವ ವಾದಕ್ಕೂ ಮತ್ತೆ ಮೇಲೇಳುವುದಿಲ್ಲ.

ಒಂದು ಸುಳ್ಳಿನಿಂದ ಜೀವ ಉಳಿಯುವುದಾದರೆ?

ಹೇಳುತ್ತೇನೆ. ಗಂಟಲಲ್ಲಿ ಸಿಕ್ಕಿಕೊಂಡರೂ ಹೇಳುತ್ತೇನೆ.

ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1797ರಲ್ಲಿ ಇದಕ್ಕೆ "ಕೂಡದು" ಎಂದು ಬರೆದ. ಕೊಲೆಗಾರ ಬಾಗಿಲಿಗೆ ಬಂದು, ನಿನ್ನ ಮನೆಯಲ್ಲಿ ಅಡಗಿದ ಗೆಳೆಯ ಎಲ್ಲಿ ಎಂದು ಕೇಳಿದರೂ ಸುಳ್ಳು ಹೇಳಬಾರದಂತೆ. ಅದಕ್ಕೂ ಎಷ್ಟೋ ಮೊದಲೇ ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಕೌಶಿಕ ಸತ್ಯವನ್ನೇ ಹೇಳುವ ವ್ರತ ಹಿಡಿದವನು. ಕಳ್ಳರಿಗೆ ಹೆದರಿ ಕೆಲವರು ಕಾಡಿಗೆ ಓಡಿದರು. ಬೆನ್ನಟ್ಟಿ ಬಂದ ಕಳ್ಳರು "ಎಲ್ಲಿ ಹೋದರು?" ಎಂದು ಕೇಳಿದರು. ಕೌಶಿಕ ದಾರಿ ತೋರಿಸಿದ. ಅವರೆಲ್ಲ ಸತ್ತರು. ಕೌಶಿಕ ನರಕಕ್ಕೆ ಹೋದ.

ಒಂದು ಎಚ್ಚರಿಕೆ. ಈ ಪ್ರಶ್ನೆಯನ್ನು ನನಗೆ ಕೇಳುವವರ ಬಾಗಿಲಿಗೆ ಕಳ್ಳರು ಬಂದಿರುವುದಿಲ್ಲ. ಸಾಮಾನ್ಯವಾಗಿ ಸೊಸೈಟಿಯ ಸಾಲದ ಅರ್ಜಿಯಲ್ಲಿ ಏನೋ ಬರೆಯಬೇಕಾಗಿರುತ್ತದೆ.

ರೋಗಿಗೆ ನಿಜ ಹೇಳಬೇಕಾ?

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಡೆದದ್ದು ಹೇಳುತ್ತೇನೆ.

ದೊಡ್ಡಪ್ಪನಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ದೊಡ್ಡ ಕಾಯಿಲೆ ಎಂದರೆ ನಮ್ಮ ಜಿಲ್ಲೆಯವರು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕು. ಹಾಗೆ ನಾವೂ ದಕ್ಷಿಣಕ್ಕೆ ಓಡಾಡಿದೆವು. ಅವರಿಗೆ ಹೇಳಿದ್ದು "ಗ್ಯಾಸ್ಟ್ರಿಕ್ ಜಾಸ್ತಿ ಆಗಿದೆ". ಮನೆಯ ಹದಿನಾಲ್ಕು ಜನರೂ ಇದನ್ನೇ ಹೇಳಬೇಕು ಎಂದು ತೀರ್ಮಾನ. ನನಗೆ ಮಾತ್ರ ವಿಶೇಷ ಆಜ್ಞೆ: "ನೀನು ಅವರ ಜೊತೆ ಒಬ್ಬಂಟಿಯಾಗಿ ಕೂರಬೇಡ."

ಒಂದು ಸಲ ಬೇರೆ ಯಾರಿಗೂ ಬಿಡುವಿರಲಿಲ್ಲ. ವಾಪಸು ಬರುವಾಗ ಹೊನ್ನಾವರದ ಶರಾವತಿ ಸೇತುವೆ ಹತ್ತಿರ ಕಾರು ನಿಲ್ಲಿಸಲು ಹೇಳಿದರು. ಡ್ರೈವರ್ ಕೆಳಗಿಳಿದ. ದೊಡ್ಡಪ್ಪ ಹೊಳೆ ನೋಡುತ್ತಾ ಕೇಳಿದರು: "ನಿಂಗೆ ಸುಳ್ಳು ಹೇಳೋಕೆ ಬರುವುದಿಲ್ಲ. ಅದಕ್ಕೇ ನಿನ್ನ ಕೇಳ್ತಿದ್ದೇನೆ."

"ಮುಂದಿನ ಸಲ ಡಾಕ್ಟರ ಎದುರು ನಾವಿಬ್ಬರೇ ಕೂತು ಕೇಳೋಣ ದೊಡ್ಡಪ್ಪ" ಎಂದೆ. ಅವರು ನಕ್ಕರು. "ಸಾಕು. ಗ್ಯಾಸ್ಟ್ರಿಕ್ ಆಗಿದ್ದರೆ ನೀನು ಇಲ್ಲೇ ಹೇಳ್ತಿದ್ದೆ."

ಆಮೇಲೆ ಅವರು ನಾಲ್ಕು ತಿಂಗಳು ಇದ್ದರು. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಬರಬೇಕು ಎಂದು ಒಂದು ಹಳೆಯ ಡೈರಿಯಲ್ಲಿ ಬರೆಸಿದರು. ಬೇಲಿ ಜಗಳದಿಂದ ಹನ್ನೊಂದು ವರ್ಷ ಮಾತು ಬಿಟ್ಟಿದ್ದ ತಮ್ಮನನ್ನು ಕರೆಸಿದರು. ಇಬ್ಬರೂ ಜಗಲಿಯಲ್ಲಿ ಕೂತು ಎಲೆ ಅಡಿಕೆ ಕವಳ ಹಾಕಿದರು. ಬೇಲಿಯ ಸುದ್ದಿ ಬರಲೇ ಇಲ್ಲ. ಮನೆಯಲ್ಲಿ ಕೆಲವರು ನನ್ನ ಮೇಲೆ ಇಂದಿಗೂ ಸಿಟ್ಟಾಗಿದ್ದಾರೆ. "ಧೈರ್ಯ ಕಳೆದೆ, ಇಲ್ಲದಿದ್ದರೆ ಇನ್ನೂ ನಾಲ್ಕು ದಿನ ಇರುತ್ತಿದ್ದರು" ಎನ್ನುತ್ತಾರೆ. ಇರುತ್ತಿದ್ದರೇನೋ. ನನಗೆ ಕಂಡದ್ದು ಇಷ್ಟು: ಅವರಿಗೆ ಮೊದಲೇ ಗೊತ್ತಿತ್ತು. ಹದಿನಾಲ್ಕು ಜನರ ನಡುವೆ ಅದನ್ನು ಅವರೊಬ್ಬರೇ ಹೊತ್ತುಕೊಂಡಿದ್ದರು.

ವೈದ್ಯರ ನಡತೆಯ ಬಗ್ಗೆ 2002ರ ನಿಯಮಾವಳಿ ಒಂದಿದೆ. ರೋಗದ ತೀವ್ರತೆಯನ್ನು ವೈದ್ಯರು ಹೆಚ್ಚಿಸಿಯೂ ಹೇಳಬಾರದು, ಕಡಿಮೆ ಮಾಡಿಯೂ ಹೇಳಬಾರದು ಎನ್ನುತ್ತದೆ ಅದು. ಆದರೆ ಮುಂದಿನ ಸಾಲಿನಲ್ಲಿ, ಈ ತಿಳಿವಳಿಕೆ "ರೋಗಿಗೆ, ಸಂಬಂಧಿಕರಿಗೆ ಅಥವಾ ಜವಾಬ್ದಾರಿಯುತ ಸ್ನೇಹಿತರಿಗೆ" ಇರುವಂತೆ ನೋಡಿಕೊಳ್ಳಬೇಕು ಎಂದಿದೆ. ಆ "ಅಥವಾ" ಇದೆಯಲ್ಲ, ನಮ್ಮ ಮನೆಯ ಹದಿನಾಲ್ಕು ಜನ ನಿಂತಿದ್ದು ಅದರ ಹಿಂದೆಯೇ.

ಮಕ್ಕಳಿಗೆ ನಿಜ ಹೇಳುವುದನ್ನು ಹೇಗೆ ಕಲಿಸುವುದು?

"ಇಂಜೆಕ್ಷನ್ ನೋಯುವುದಿಲ್ಲ" ಎಂದು ಹೇಳುವುದನ್ನು ಮೊದಲು ನಿಲ್ಲಿಸಿ. ನೋಯುತ್ತದೆ, ಐದು ಎಣಿಸುವುದರೊಳಗೆ ಕಡಿಮೆಯಾಗುತ್ತದೆ ಎನ್ನಿ.

ಕಥೆ ಹೇಳುವವರಿಗೆ ಒಂದು ಸುದ್ದಿ. 2014ರಲ್ಲಿ ಕೆನಡಾದ ಸಂಶೋಧಕರು 3ರಿಂದ 7 ವರ್ಷದ ಮಕ್ಕಳಿಗೆ ಕಥೆಗಳನ್ನು ಓದಿ ಹೇಳಿ, ಆಟಿಕೆಯನ್ನು ಕದ್ದು ನೋಡಿದ್ದನ್ನು ಅವರು ಒಪ್ಪಿಕೊಳ್ಳುತ್ತಾರಾ ಎಂದು ಪರೀಕ್ಷೆ ಮಾಡಿದರು. "ತೋಳ ಬಂತು ತೋಳ" ಕಥೆ ಕೇಳಿದ ಮಕ್ಕಳಲ್ಲಿ ಏನೂ ಬದಲಾವಣೆ ಇರಲಿಲ್ಲ. ನಿಜ ಒಪ್ಪಿಕೊಂಡ ಹುಡುಗನನ್ನು ಅಪ್ಪ ಮೆಚ್ಚಿಕೊಳ್ಳುವ ಕಥೆ ಕೇಳಿದವರು ಮಾತ್ರ ಹೆಚ್ಚು ನಿಜ ಹೇಳಿದರು. ಹೆದರಿಸುವ ಕಥೆಗಿಂತ ಕೊಟ್ಟ ಮಾತಿಗೆ ಕೊಟ್ಟಿಗೆಯಿಂದ ಮರಳಿದ ಹಸುವಿನ ಕಥೆಯೇ ವಾಸಿ ಎಂದು ನನ್ನ ಅಂದಾಜು. ಅದನ್ನು ಯಾರಾದರೂ ಪರೀಕ್ಷೆ ಮಾಡಬೇಕು.

ಕೋರ್ಟಿನಲ್ಲಿ ಸಾಕ್ಷಿ ಹೇಳಲು ದೇವರ ಆಣೆ ಮಾಡಲೇಬೇಕಾ?

ಬೇಕಿಲ್ಲ. 1969ರ ಪ್ರಮಾಣ ಕಾಯ್ದೆಯಲ್ಲಿ ದೇವರ ಹೆಸರಿಲ್ಲದೆ ದೃಢೀಕರಿಸಿ ಹೇಳಲೂ ಅವಕಾಶ ಇದೆ. ಆಣೆ ಎಂದರೇನು ಎಂದು ತಿಳಿಯದ 12 ವರ್ಷದ ಒಳಗಿನ ಮಗುವಿಗೆ, ನಿಜ ಹೇಳಬೇಕು ಎಂಬುದು ಅರ್ಥವಾಗಿದ್ದರೆ ಸಾಕು. ದೊಡ್ಡವರು ಸುಳ್ಳುಸಾಕ್ಷಿ ಹೇಳಿದರೆ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ 7 ವರ್ಷದವರೆಗೆ ಜೈಲು.

ನಿಜ ಹೇಳುವುದೆಂದರೆ ಎಲ್ಲರ ಮುಖಕ್ಕೆ ಹೊಡೆದ ಹಾಗೆ ಮಾತಾಡುವುದಾ?

"ನಾನು ನೇರಾನೇರ" ಎಂದು ಎದೆ ತಟ್ಟಿಕೊಳ್ಳುವವರನ್ನು ಕಂಡರೆ ನನಗೂ ಭಯ. ಅವರಿಗೆ ನಿಜಕ್ಕಿಂತ ಹೊಡೆತ ಇಷ್ಟ. ಇನ್ನು ಬಾಯಿ ಮುಚ್ಚಿಸುವವರು "ಅಪ್ರಿಯವಾದ ಸತ್ಯ ಹೇಳಬಾರದು" ಎಂಬ ಸಂಸ್ಕೃತದ ಮಾತನ್ನು ತರುತ್ತಾರೆ. ಅದರ ಮುಂದಿನ ಸಾಲನ್ನು ಯಾರೂ ತರುವುದಿಲ್ಲ. "ಪ್ರಿಯಂ ಚ ನಾನೃತಂ ಬ್ರೂಯಾತ್" ಎಂದು ಅಲ್ಲೇ ಇದೆ. ಪ್ರಿಯ ಎಂದು ಸುಳ್ಳನ್ನೂ ಹೇಳಬೇಡ ಎಂದು ಅರ್ಥ.

ಹಾಗಾಗಿ ನಾನು ಮಾಡುವುದು ಇದು. ತಂಗಿಯ ಮಗ ಮೊದಲ ಸಲ ಬಣ್ಣ ಹಚ್ಚಿ ಯಕ್ಷಗಾನದ ವೇಷ ಮಾಡಿದ. ತಾಳ ಎಲ್ಲೋ, ಕಾಲು ಎಲ್ಲೋ. ಬಣ್ಣ ಹಚ್ಚುವ ಚೌಕಿಯಲ್ಲಿ "ಹೇಗಾಯ್ತು?" ಎಂದ. ಆಗ "ನೀನು ಹೆದರದೆ ರಂಗಸ್ಥಳಕ್ಕೆ ನುಗ್ಗಿದೆಯಲ್ಲ, ಅದು ನನಗೆ ಬಹಳ ಹಿಡಿಸಿತು" ಎಂದೆ. ನಿಜ. ಎರಡು ದಿನ ಬಿಟ್ಟು ಅವನೇ "ತಾಳ?" ಎಂದು ಕೇಳಿದ. ಆಗ ತಾಳದ ಸಂಗತಿ ಹೇಳಿದೆ. ಗಂಟಲು ಹಗುರವಾಯಿತು. ಈಗ ಹೆಜ್ಜೆ ಕಲಿಯಲು ವಾರಕ್ಕೆ ಎರಡು ದಿನ ಹೋಗುತ್ತಾನೆ.

ಗೊತ್ತಿಲ್ಲದ್ದನ್ನು ಹೇಳಿದರೆ ಅದೂ ಸುಳ್ಳಾ?

ಯಾಣಕ್ಕೆ ದಾರಿ ಕೇಳುವ ಪ್ರವಾಸಿಗರಿಗೆ "ಇಲ್ಲೇ, ಒಂದು ಕೂಗಳತೆ" ಎನ್ನುವವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಮಳೆಗಾಲದಲ್ಲಿ "ಡ್ಯಾಂ ಗೇಟು ತೆಗೆದರಂತೆ" ಎಂದು ವಾಟ್ಸಾಪ್‌ನಲ್ಲಿ ಕಳಿಸುವವರಿಗೂ ಇರುವುದಿಲ್ಲ. ಆದರೆ ಆ ಮೆಸೇಜ್ ನಂಬಿ ಕಾಳಿ ಹೊಳೆ ದಡದ ಅಜ್ಜಿಯೊಬ್ಬಳು ರಾತ್ರಿ ಎಮ್ಮೆ ಬಿಚ್ಚಿಕೊಂಡು ಗುಡ್ಡ ಹತ್ತುತ್ತಾಳೆ. ಎರಡು ಸಲ ಹಾಗಾದ ಮೇಲೆ ನಿಜವಾಗಿ ಗೇಟು ತೆಗೆದ ದಿನ ಅವಳು ಏಳುವುದಿಲ್ಲ. "ಅಂತೆ" ಎಂದು ಸೇರಿಸಿಬಿಟ್ಟರೆ ನನ್ನ ಜವಾಬ್ದಾರಿ ಮುಗಿಯಿತು ಎಂದು ನಾವೆಲ್ಲ ಅಂದುಕೊಂಡಿದ್ದೇವೆ. "ನಂಗೆ ಗೊತ್ತಿಲ್ಲ" ಎನ್ನಲು ಅದಕ್ಕಿಂತ ಕಡಿಮೆ ಉಸಿರು ಸಾಕು.

ನೀನು ಕೊನೆಯ ಸಲ ಸುಳ್ಳು ಹೇಳಿದ್ದು ಯಾವಾಗ?

ಹೋದ ಭಾನುವಾರ. ಶಿರಸಿಗೆ ಹೋಗುವುದಿತ್ತು. ಕಾರವಾರ ಬಸ್ ಸ್ಟ್ಯಾಂಡಿನಲ್ಲಿ ಚಾ ಕುಡಿಯುತ್ತಾ ನಿಂತು ಬಸ್ಸು ತಪ್ಪಿಸಿಕೊಂಡೆ. ಅಷ್ಟರಲ್ಲಿ ಚಿಕ್ಕಮ್ಮನ ಫೋನ್. "ಹೊರಟೆಯಾ?"

"ಬಸ್ಸಲ್ಲೇ ಇದ್ದೇನೆ, ಅಂಕೋಲಾ ಬಂತು" ಎಂದೆ. ನನ್ನ ಹಿಂದೆ ಯಾರೋ "ಎರಡು ಚಾ, ಒಂದು ಕಡಕ್" ಎಂದು ಕೂಗಿದರು.

"ಯಾವ ಬಸ್ಸಲ್ಲಿ ಕಡಕ್ ಚಾ ಕೊಡ್ತಾರೆ?" ಎಂದು ಚಿಕ್ಕಮ್ಮ ಕೇಳಿದರು.

ನಿಜ ಹೇಳಿದೆ. "ಹಾಗಾದ್ರೆ ಈಗಲೇ ಅನ್ನಕ್ಕೆ ಇಡುವುದಿಲ್ಲ" ಎಂದು ಫೋನ್ ಇಟ್ಟರು. ಮುಂದಿನ ಬಸ್ಸಿಗೆ ಇನ್ನೂ ಒಂದೂವರೆ ತಾಸು ಇತ್ತು. ಇನ್ನೊಂದು ಚಾ ಹೇಳಿದೆ.